ದುರ್ಸುನ್ ಕೊಟ್ಟ ಅಂಜೂರ, ಕೊಡದ ಸಹಿ

"ಹರಿದ್ಹಾಕು ಅದನ್ನ! ನಾನು ರಜೆಗೆ ಹೋಗಿದ್ನಾ? ನಮ್ಮಣ್ಣನ ಮಣ್ಣಿಗೆ ಹೋಗಿದ್ದೆ ಕಣಕ್ಕ!"

ಹೀಗೆ ಶುರುಮಾಡಬೇಕೋ, ಇಲ್ಲ ಮರ್ಯಾದಸ್ಥರ ಹಾಗೆ 'ಮಾನ್ಯರೇ' ಎಂದು ಶುರುಮಾಡಬೇಕೋ, ಗೊತ್ತಿಲ್ಲ. ನನ್ನ ಅಡುಗೆಮನೆಯಲ್ಲಿ ಕೂತು ಕೂಗಾಡುತ್ತಿರುವವನು ದುರ್ಸುನ್. ಈ ಜರ್ಮನ್ ಊರಿನ ಲಾಂಡ್ರಿಯಲ್ಲಿ ಮೂವತ್ತು ವರ್ಷ ನಾವಿಬ್ಬರೂ ಆಸ್ಪತ್ರೆಯ ಹಾಸಿಗೆ ಬಟ್ಟೆ ಒಗೆದವರು. ಹೋದ ವರ್ಷ ಲಾಂಡ್ರಿ ಮುಚ್ಚಿತು. ಅವನಿಗೆ ನಿರುದ್ಯೋಗ ಭತ್ಯೆ ಸಿಕ್ಕಿತು, ನನಗೆ ಅವನ ಅರ್ಜಿ ಬರೆಯುವ ಉದ್ಯೋಗ ಸಿಕ್ಕಿತು. ಟರ್ಕಿಯ ಹಳ್ಳಿ ಶಾಲೆಯಲ್ಲಿ ಐದು ತರಗತಿ ಓದಿದ್ದೇನೆ, ಜರ್ಮನ್ ಭಾಷೆಯನ್ನು ಬೈಸಿಕೊಂಡೇ ಕಲಿತಿದ್ದೇನೆ. ಲೇಖಕಿಯಾಗಲು ಇನ್ನೇನು ಬೇಕು?

ನಾಳೆ ಹತ್ತು ಗಂಟೆಯೊಳಗೆ ಇವನ ಲಿಖಿತ ವಿವರಣೆ ಉದ್ಯೋಗ ಕಚೇರಿ ತಲುಪಬೇಕು. ಇಲ್ಲದಿದ್ದರೆ ಭತ್ಯೆ ನಿಲ್ಲುತ್ತದೆ. ಓದುಗರೇ, ನಿಮಗೆ ಕಥೆಯೂ ಇದೇ, ಕಚೇರಿಗೆ ವಿವರಣೆಯೂ ಇದೇ. ಎರಡೆರಡು ಬರೆಯಲು ನನಗೆ ಪುರುಸೊತ್ತಿಲ್ಲ.

೧.
ಭತ್ಯೆ ಪಡೆಯುವವನು ಊರು ಬಿಡುವ ಮುಂಚೆ ಕಚೇರಿಯನ್ನು ಕೇಳಬೇಕು. ದಿನಾ ಅಂಚೆಪೆಟ್ಟಿಗೆ ನೋಡಬೇಕು. ಯಾವ ಗಳಿಗೆಯಲ್ಲಿ ಕೆಲಸ ಬಂದು ಬಾಗಿಲು ತಟ್ಟುತ್ತದೋ! (ಐವತ್ತಾರು ವಯಸ್ಸಿನ, ಸೊಂಟ ಹಿಡಿದುಕೊಂಡ ಲಾಂಡ್ರಿಯವನಿಗಾಗಿ ಮಾಲೀಕರು ಸಾಲುಗಟ್ಟಿ ನಿಂತಿದ್ದಾರೆ.)

ದುರ್ಸುನ್‌ನ ಅಣ್ಣ ನಿಯಾಜಿ ಇದೇ ಊರಲ್ಲಿದ್ದ. ಶುಕ್ರವಾರ ಮಧ್ಯಾಹ್ನ, ಸರಿಯಾಗಿ ಕಚೇರಿಗೆ ಬೀಗ ಬಿದ್ದ ಮೇಲೆ ಸತ್ತ. ಸರ್ಕಾರಿ ವೇಳೆಯ ಪರಿವೆಯೇ ಇಲ್ಲದ ಮನುಷ್ಯ. ನಮ್ಮ ಮಸೀದಿಯ ಶವನಿಧಿಯವರು ಹೆಣವನ್ನು ಟರ್ಕಿಯ ಹುಟ್ಟೂರಿಗೆ ಕಳಿಸುತ್ತಾರೆ, ಜೊತೆಗೆ ಹೋಗಲು ಒಬ್ಬರಿಗೆ ಟಿಕೆಟ್ ಕೊಡುತ್ತಾರೆ. ಭಾನುವಾರ ದುರ್ಸುನ್ ಹೆಣದ ಜೊತೆ ವಿಮಾನ ಹತ್ತಿದ. ಮಣ್ಣು ಮಾಡಿ, ಏಳನೇ ದಿನದ ಪ್ರಾರ್ಥನೆ ಮುಗಿಸಿ, ಒಂಬತ್ತನೇ ದಿನ ವಾಪಸ್ ಬಂದ. (ಕಂಪ್ಯೂಟರಿನಲ್ಲೇ ತಿಳಿಸಬಹುದಿತ್ತಲ್ಲ ಎನ್ನುತ್ತೀರಿ. ಅಣ್ಣನ ಮೈ ತೊಳೆಯುವ ಹೊತ್ತಿನಲ್ಲಿ ಅವನಿಗೆ ಪಾಸ್‌ವರ್ಡ್ ನೆನಪಾಗಲಿಲ್ಲವಂತೆ.)

"ಟಿಕೆಟ್ ವಿಷ್ಯ ಬರೀಬೇಡಕ್ಕ. ಬಿಟ್ಟಿ ಸಿಕ್ತು ಅಂತ ಹೋದ ಅಂದ್ಕೋತಾರೆ."

"ಬಿಟ್ಟಿ ತಾನೇ ಸಿಕ್ಕಿದ್ದು?"

"ನಮ್ಮಣ್ಣ ಸತ್ತು ಕೊಡಿಸಿದ ಟಿಕೆಟ್ ಅದು."

೨.
ಅಲ್ಲಿಯವರೆಗೆ ಕಚೇರಿಯಲ್ಲಿ ಯಾರಿಗೂ ಏನೂ ಗೊತ್ತಿರಲಿಲ್ಲ. ಅಂಚೆಪೆಟ್ಟಿಗೆಯನ್ನು ಹೆಂಡತಿ ಝೆಕಿಯೆ ನೋಡಿಕೊಂಡಿದ್ದಳು. ಬಂದ ಮಾರನೇ ದಿನವೇ ಕಚೇರಿಯಲ್ಲಿ ಮಾಮೂಲಿ ಭೇಟಿ. ಹೋಗಿ, ಕೂತು, ತಲೆಯಾಡಿಸಿ ಬರಬೇಕಿತ್ತು. ಆದರೆ ಊರಿಂದ ಬಂದವರು ಬರಿಗೈಯಲ್ಲಿ ಯಾರ ಬಾಗಿಲಿಗೂ ಹೋಗುವುದಿಲ್ಲವಲ್ಲ! ಈ ಮಹಾನುಭಾವ, ಅಧಿಕಾರಿ ಹಾರ್ಟ್‌ವಿಗ್ ಮೇಡಂ ಅವರ ಮೇಜಿನ ಮೇಲೆ ಒಂದು ಕಿಲೋ ಒಣ ಅಂಜೂರ ಇಟ್ಟ.

"ನಮ್ಮಣ್ಣ ನೆಟ್ಟ ಮರದ್ದು ಮೇಡಂ. ನಿನ್ನೆ ನಾನೇ ಹೊತ್ಕೊಂಡು ಬಂದೆ."

"ನಿನ್ನೆನಾ? ಎಲ್ಲಿಂದ?"

"ಊರಿಂದ."

(ಕಳ್ಳನೊಬ್ಬ ಪೊಲೀಸ್ ಠಾಣೆಗೆ ಹೋಗಿ ಸಿಹಿ ಹಂಚಿದ ಕಥೆ ಕೇಳಿದ್ದೀರಾ? ನಾನೂ ಕೇಳಿರಲಿಲ್ಲ.)

ಉಡುಗೊರೆ ತೆಗೆದುಕೊಳ್ಳುವ ಹಾಗಿಲ್ಲ ಎಂದು ಮೇಡಂ ಚೀಲವನ್ನು ವಾಪಸ್ ಕೊಟ್ಟಳು. ಸುದ್ದಿಯನ್ನು ಮಾತ್ರ ಇಟ್ಟುಕೊಂಡಳು. ಆದರೂ ಕೆಟ್ಟವಳಲ್ಲ. ದನಿ ತಗ್ಗಿಸಿ, "ರಜೆ ಬೇಕು ಅಂತ ಮುಂಚೆಯೇ ನನ್ನನ್ನ ಕೇಳಿದ್ದೆ ಅಂತ ಬರ್ಕೊಡಿ. ಗುರುತು ಹಾಕ್ಕೊಳ್ಳೋದು ನಾನೇ ಮರೆತಿದ್ದೆ ಅನ್ನೋಣ" ಎಂದಳಂತೆ.

೪.
(ಮೂರನೆಯ ಭಾಗವನ್ನು ಅವನು ಹರಿದುಹಾಕಿದ. ಅದರಲ್ಲಿ ಅವನಿಗೆ ಒಂಬತ್ತು ದಿನ ಜ್ವರ ಬರಿಸಿ ಮಲಗಿಸಿದ್ದೆ. ಒಳ್ಳೆಯ ಜ್ವರವಾಗಿತ್ತು.)

ಈಗ ಮೇಡಂ ಹೇಳಿಕೊಟ್ಟದ್ದನ್ನೇ ಬರೆದಿದ್ದೇನೆ: 'ಮುಂಚಿತವಾಗಿ ಕೇಳಿ, ವಿಶ್ರಾಂತಿಗಾಗಿ ರಜೆಯ ಮೇಲೆ ಹೋಗಿದ್ದೆ.' ಮೊದಲ ಸಾಲಿನಲ್ಲಿ ನೀವು ಕೇಳಿದ ಕೂಗು ಇದಕ್ಕೇ.

"ಮುಂಚೆನೇ ಕೇಳಿದ್ದೆ ಅಂದ್ರೆ? ಅಣ್ಣ ಸಾಯ್ತಾನೆ ಅಂತ ಕಾಯ್ತಾ ಕೂತಿದ್ನಾ ನಾನು?"

"ಬರೀ ಒಂದು ಸುಳ್ಳು ಕಣೋ! ಲಾಂಡ್ರಿ ಮೇಸ್ತ್ರಿಗೆ ಮೂವತ್ತು ವರ್ಷ ಸುಳ್ಳು ಹೇಳ್ಲಿಲ್ವಾ?"

"ಅದು ನನ್ನ ಬಗ್ಗೆ. ನಿಯಾಜಿ ಬಗ್ಗೆ ಹೇಳಲ್ಲ."

ಸರಿ, ಅಂತ್ಯ ನೀವೇ ಆರಿಸಿಕೊಳ್ಳಿ.

ಒಂದು: ಸಹಿ ಹಾಕುತ್ತಾನೆ, ಭತ್ಯೆ ಬರುತ್ತದೆ, ಅಣ್ಣನ ಸಾವು ಸರ್ಕಾರಿ ಕಡತದಲ್ಲಿ ವಿಶ್ರಾಂತಿಯಾಗಿ ಉಳಿಯುತ್ತದೆ.

ಇನ್ನೊಂದು: ನಡೆದದ್ದನ್ನು ನಡೆದ ಹಾಗೇ ಬರೆದ ಮೊದಲ ಕರಡಿಗೆ ಸಹಿ ಹಾಕುತ್ತಾನೆ. ಕಡತದಲ್ಲಿ ಸತ್ಯ, ಒಲೆ ಮೇಲೆ ಖಾಲಿ ಪಾತ್ರೆ.

ಮೇಡಂ ಕಣ್ಣೀರು ಒರೆಸಿಕೊಂಡು ಕಡತ ಮುಚ್ಚುವ ಅಂತ್ಯವೂ ಒಂದಿದೆ. (ಟಿವಿ ಧಾರಾವಾಹಿಯವರು ಬೇಕಾದರೆ ಒಯ್ಯಲಿ.)

"ಬಾಯ್ಮುಚ್ಕೊಂಡು ಸಹಿ ಹಾಕೋ! ಝೆಕಿಯೆ ತಟ್ಟೆಗೆ ಏನ್ ಬಡಿಸ್ತೀಯ, ನಿಮ್ಮಣ್ಣನ ಅಂಜೂರನಾ?" ಎಂದೆ.

ಕಥೆಯಲ್ಲಾಗಿದ್ದರೆ ಈ ಮಾತನ್ನು ಹೊಡೆದುಹಾಕಬಹುದಿತ್ತು.

ದುರ್ಸುನ್ ಎದ್ದ. ಮೇಜಿನ ಮೇಲಿದ್ದ ಅಂಜೂರದ ಚೀಲವನ್ನು ನನ್ನ ಕಡೆ ತಳ್ಳಿದ.

"ನಿಂಗೇ ಇರ್ಲಿ ಅಕ್ಕ. ನಿಮ್ಮನೇಲಿ ಉಡುಗೊರೆ ತಗೋಬಾರ್ದು ಅಂತ ನಿಯಮ ಇಲ್ವಲ್ಲ."

ಬಾಗಿಲ ಬಳಿ ಬೂಟು ಹಾಕಿಕೊಂಡ, ಹೋದ. ನಮ್ಮವರು ಟೀ ಬಿಟ್ಟು ಹೋಗುವುದಿಲ್ಲ ಎಂಬ ಧೈರ್ಯದಲ್ಲಿ ಎರಡು ಲೋಟಕ್ಕೂ ಸುರಿದೆ. ಮೇಜಿನ ಮೇಲೆ ಎರಡು ಕರಡು, ನಿಜದ್ದೊಂದು, ರಜೆಯದೊಂದು, ಎರಡರಲ್ಲೂ ಸಹಿಯ ಜಾಗ ಖಾಲಿ. ಅವನು ತಡವಾಗಿ ಬಂದ ಎಷ್ಟೋ ದಿನ ಲಾಂಡ್ರಿಯ ಹಾಜರಿ ಪುಸ್ತಕದಲ್ಲಿ ನಾನೇ ಸಹಿ ಹಾಕಿದ್ದೇನೆ. ಅವನ ಸಹಿ ಅವನಿಗಿಂತ ಚೆನ್ನಾಗಿ ನನಗೆ ಬರುತ್ತದೆ. ಪೆನ್ನು ಕೈಯಲ್ಲೇ ಇದೆ.

ಯಾವುದಕ್ಕೆ ಹಾಕಿದೆ ಎಂದು ಕೇಳಬೇಡಿ. ಹಾಕಿದೆ ಎಂದು ನಾನು ಹೇಳಿಲ್ಲ.

ಎರಡನೇ ಲೋಟದ ಟೀ ಆರಿತು. ಅವನು ಬರಲಿಲ್ಲ.