ಕೈ ತಿಕ್ಕೂ ಸಾವ್ಕಾರ

ನಮ್ಮ ಯಜಮಾನ್ರು ಸಿದ್ರಾಮಪ್ಪಗ ಫೋನಿನ್ಯಾಗ ಚಿತ್ರ ಕಂಡ್ರ ಸಾಕು, ಊರಿಗೆಲ್ಲಾ ಕಳಸೂ ಚಟ. ಈ ದೀಪಾವಳಿಗೆ ಅದ ಚಟ ನಮ್ಮ ಮಾನ ಕಳೀತು.

ಮರಾಠಿ ಸೀಮಿ ಹಡಪಸರದಾಗ ನಮ್ಮದು ಅರಿವಿ ಅಂಗಡಿ. ಮಗ ಮಾಂತು ಕಾಲೇಜ್ ಮುಗಿಸಿ, ದಿನಾ ಹೆಡ್‌ಫೋನ್ ಹಾಕ್ಕೊಂಡು ಆನ್‌ಲೈನ್ ಗೇಮ್ ಆಡ್ಕೋತ ಕೂಡ್ತಾನ. ಅವನ ಕಂಪ್ಯೂಟರಿನ್ಯಾಗ ಒಂದು ಚಿತ್ರ ಇತ್ತು: ಗಡ್ಡದ, ಉದ್ದ ಮೂಗಿನ ವ್ಯಾಪಾರಿ ಕೈ ತಿಕ್ಕೋತ ನಗ್ತಿದ್ದ. "ಸಾವ್ಕಾರಗ ಬೋಣಿ ಭಾಳ ಛಲೋ ಆಗೇದಲೇ!" ಅಂತ ಇವರು ಅದನ್ನ ಇಸ್ಕೊಂಡು, ಕೆಳಗ 'ಅಂಗಡಿ ಲಕ್ಷ್ಮೀಪೂಜೆಗೆ ಬರ್ರಿ' ಅಂತ ಮರಾಠಿಯೊಳಗ ಬರೆದು ಇಡೀ ಪೇಟೆಗೆ ಕಳಿಸಿದ್ರು. ಮಾಂತು ನೋಡಿದ, ಕಿಸಕ್ಕಂತ ನಕ್ಕ. ಬ್ಯಾಡ ಅನಲಿಲ್ಲ.

ಪೂಜೆಗೆ ಎಲ್ಲಾರೂ ಬಂದ್ರು, ಬಾಜೂಕಿನ ಚಷ್ಮಾ ಅಂಗಡಿ ಎಜ್ರಾ ಪೆಣಕರ ಬರಲಿಲ್ಲ. ತಲೆತಲಾಂತರದಿಂದ ಇಲ್ಲೇ ಇರೋ ಯಹೂದಿ ಮಂದಿ ಅವರು. ಶನಿವಾರ ಅವರ ಧರ್ಮದ ಪ್ರಕಾರ ಅಂಗಡಿ ಬಂದ್, ಅವರ ಪಾರ್ಸೆಲ್ ನಾವು ಇಸ್ಕೊಳ್ಳೂದು. ಪ್ರತಿ ವರ್ಷ ನಮ್ಮ ಪೂಜೆಗೆ ಬಾಗಿಲದಾಗ ನಿಂತು ಬಂದವರಿಗೆ ಅತ್ತರ ಹಚ್ಚೂದು ಅವರು.

"ಎಜ್ರಾಭಾವು ಯಾಕ ಬರಲಿಲ್ಲ?" ಅಂತ ನಾ ಕೇಳಿದ್ರ ಮಾಂತು ಹಲ್ಲು ಕಿಸಿದ.

"ಅದು ಉದ್ದ ಮೂಗು, ರೊಕ್ಕದಾಸೆಗೆ ಕೈ ತಿಕ್ಕೂ ಮಂದಿ ಅಂತ ಯಹೂದಿಗಳನ್ನ ಆಡ್ಕೊಳ್ಳೂ ಚಿತ್ರ ಅವ್ವಾ. ಗೇಮಿನ್ಯಾಗ ಯಹೂದಿ ಅಂತ ಹೆಸರು ಹಿಡದು ಬೈದ್ರ ಅಕೌಂಟ್ ಬಂದ್ ಮಾಡ್ತಾರ. ಇದನ್ನ ಹಾಕಿದ್ರ ತಿಳಿಯೋರಿಗೆ ತಿಳೀತದ. ಬರೇ ಜೋಕ್."

"ನಿನ್ನ ಬಾಯಾಗ ಮಣ್ಣ ಬೀಳ್ಲಿ! ನಿನ್ನ ಎತ್ತಿ ಆಡಿಸಿದವರೋ ಅವರು!"

"ಅವರಿಗಂತ ಅಲ್ಲವ್ವಾ, ಎಲ್ಲಾರೂ ಹಾಕ್ತಾರ."

ಕಪಾಳಕ್ಕ ಒಂದು ಬಿಗಿದು, ರಟ್ಟಿ ಹಿಡಿದು ಎಜ್ರಾಭಾವು ಮನಿಗೆ ಎಳಕೊಂಡು ಹೋದೆ. ಅವರು ಕೂಡ್ರಿಸಿ ನೀರು ಕೊಟ್ರು. ಅದು ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

"ನಮ್ಮ ಯಜಮಾನ್ರಿಗೆ ಗೊತ್ತಿರಲಿಲ್ರಿ. ಯಾರೋ ಸಾವ್ಕಾರ ಅಂತ ತಿಳಕೊಂಡ್ರು," ಅಂದೆ.

"ಸಿದ್ರಾಮಪ್ಪಗ ಗೊತ್ತಿಲ್ಲ ಅನ್ನೂದು ನನಗ ಗೊತ್ತದ ವಹಿನಿ," ಅಂದ್ರು ಮರಾಠಿಯೊಳಗ. "ಮಾಂತುಗ ಗೊತ್ತಿತ್ತಲ್ಲ?"



ಅವರು ತಮ್ಮ ಫೋನ್ ನನ್ನ ಮುಂದ ಹಿಡಿದ್ರು. ಕಿರಾಣಿಯವರು, ಪಾತ್ರೆ-ಬಾಂಡೆ ಅಂಗಡಿಯವರು, ಓಣಿ ಡಾಕ್ಟರು, ಎಲ್ಲಾರೂ ನಮ್ಮ ಯಜಮಾನ್ರು ಕಳಿಸಿದ ಚಿತ್ರಕ್ಕ ತಮ್ಮ ತಮ್ಮ ಹೆಸರು ಹಾಕಿ, ಪಣತಿ ಚಿತ್ರ ಹಚ್ಚಿ, ಎಜ್ರಾಭಾವುಗೇ ಕಳಿಸಿದ್ರು. ಶುಭ ದೀಪಾವಳಿ ಅಂತ.

"ನಿಮ್ಮದನ್ನ ನೀವು ಅಳಿಸ್ತೀರಿ. ಉಳಿದವರಿಗೆ ಯಾರು ಹೇಳವ್ರು? ನಾ ಹೇಳಿದ್ರ, ಇದು ನನ್ನ ಚಿತ್ರ ಅಂತ ನಾನ ಒಪ್ಕೊಂಡಂಗ ಆಗ್ತದ."

 ಅಷ್ಟ್ರಾಗ ಅವರ ಫೋನ್ ಮತ್ತ ಟಿಣ್ ಅಂತು.