ಕಾಯಿ ತೂಕದ ಕೂಸು

ಬಸವರಾಜ ತಕ್ಕಡಿಯ ತಟ್ಟೆಯಲ್ಲಿ ಕೂರಲೊಲ್ಲ. ಕೂರಿಸಿದರೆ ಎದ್ದು ನಿಲ್ಲುತ್ತಾನೆ, ನಿಂತರೆ ತಟ್ಟೆ ತೂಗುತ್ತದೆ, ತೂಗಿದರೆ ಕಿಲಕಿಲ ನಗುತ್ತಾನೆ. ಕೊಬ್ಬರಿ ತೂಗುವ ದೊಡ್ಡ ತಕ್ಕಡಿ ಅದು, ನಡುಮನೆಯ ತೊಲೆಗೆ ನೇತುಹಾಕಿದ್ದು. ಮಲ್ಲಿಕಾಂಬ ಒಂದು ಕೈಯಲ್ಲಿ ಮಗನ ಉಡಿದಾರ, ಇನ್ನೊಂದರಲ್ಲಿ ತಟ್ಟೆಯ ಸರಪಳಿ ಹಿಡಿದು ನಿಂತಿದ್ದಳು. ಹೊರಗೆ ಗಾಡಿ ಕಟ್ಟಿಯಾಗಿತ್ತು. ಬಿಸಿಲೇರುವ ಮೊದಲು ಪಂಚನಹಳ್ಳಿ ಬಿಡದಿದ್ದರೆ ಬೀರೂರಿನಲ್ಲಿ ತರೀಕೆರೆಯ ರೈಲು ತಪ್ಪುತ್ತದೆ.

"ತೂಕದ ಕಲ್ಲು ಇಡ್ಲಾ?" ಎಂದ ಗಂಡ ಈರಪ್ಪ.

"ಕಲ್ಲು ಬ್ಯಾಡ ಕಣೋ" ಎಂದಳು ಅತ್ತೆ ಶಂಕರಮ್ಮ. "ಕೂಸು ಇಷ್ಟು ಸೇರು ಅದೆ ಅಂತ ಬಾಯಲ್ಲಿ ಆಡಿದ್ರೆ ದೃಷ್ಟಿ ಆಗ್ತದೆ. ಕಾಯಿ ಇಡು."

ಈರಪ್ಪ ಮೂಲೆಯಲ್ಲಿದ್ದ ತೆಂಗಿನಕಾಯಿ ರಾಶಿಗೆ ಕೈ ಹಾಕಿದ.

"ಆ ಒಣಗಿದವು ಬ್ಯಾಡ. ಬೆಳಿಗ್ಗೆ ಕೆಡವಿಸಿದ್ದು ಹಿತ್ಲಾಗೆ ಅವೆ, ಅವ್ನ ತಾ. ಹಸಿಕಾಯೇ ಆಗ್ಬೇಕು."

"ತೂಗಾಕೆ ಯಾವ್ದಾದ್ರೇನವ್ವ?"

"ಹೇಳಿದ್ದು ಮಾಡು. ಎಲ್ಲಾದಕ್ಕೂ ನಿಂದೊಂದು ಯಾಕೆ."

ಸಿಪ್ಪೆಯ ಹಸಿರು ಇನ್ನೂ ಮಾಸದ ಕಾಯಿಗಳು ಎದುರು ತಟ್ಟೆಗೆ ಬಂದವು. ಕೊನೆಗೊಂದು ಚಿಕ್ಕ ಕಾಯಿ ಹುಡುಕಿ ಇಟ್ಟಾಗ ತಕ್ಕಡಿಯ ದಂಡಿಗೆ ಸಮವಾಗಿ ನಿಂತಿತು. ಶಂಕರಮ್ಮ ಎಲೆಯಡಿಕೆ ಚೀಲದ ಸುಣ್ಣಕ್ಕೆ ಬೆರಳು ಅದ್ದಿ ಒಂದೊಂದು ಕಾಯಿಗೂ ಬೊಟ್ಟು ಇಟ್ಟಳು.

ಜಗಲಿಯ ಮೇಲಿದ್ದ ಮಾವ ಮುದ್ದಪ್ಪ ಗೋಡೆ ತಡವಿಕೊಂಡು ಒಳಗೆ ಬಂದ. ಎರಡೂ ಕಣ್ಣಿಗೆ ಪೊರೆ ಬಂದು ಅವನಿಗೆ ಬೆಳಕು ಕತ್ತಲೆಯಷ್ಟೇ ತಿಳಿಯುತ್ತಿತ್ತು. ಎರಡು ತಟ್ಟೆಗಳ ಅಡಿಗೂ ಅಂಗೈ ಕೊಟ್ಟು ನೋಡಿದ.

"ಸಮ ಅದೆ. ನೋಡವ್ವ, ಕೂಸು ಹೆಂಗೆ ಹೋಗ್ತದೋ ಹಂಗೇ ಬರ್ಬೇಕು. ಕಾಯಿ ಕಡೆ ತಟ್ಟೆ ಕೆಳಕ್ಕೆ ಹೋಯ್ತೋ, ಇದೇ ಕೊನೆ. ಆಮ್ಯಾಕೆ ತರೀಕೆರೆ ಹೆಸರು ಎತ್ತಂಗಿಲ್ಲ. ನಿಮ್ಮವ್ವ ಬೇಕಾದ್ರೆ ಇಲ್ಲಿಗೇ ಬರ್ಲಿ."

ಮಲ್ಲಿಕಾಂಬನ ತಾಯಿ ದಾಕ್ಷಾಯಣಮ್ಮನಿಗೆ ಕಾಲು ಬಿದ್ದುಹೋಗಿ ಎರಡು ವರ್ಷ. ಕೂರಿಸಿದಲ್ಲಿ ಕೂತಿರುವವಳು. ಅದು ಮುದ್ದಪ್ಪನಿಗೂ ಗೊತ್ತಿತ್ತು.

ಯಾಕೆ ಹೀಗಂದ ಎಂಬುದು ಮಲ್ಲಿಕಾಂಬನಿಗೂ ಗೊತ್ತಿತ್ತು. ಬಸವರಾಜನಿಗಿಂತ ಮೊದಲು ಒಂದು ಹೆಣ್ಣುಕೂಸು ಇತ್ತು. ತವರಿಂದ ಬರುವಾಗ ಬೀರೂರು ಸ್ಟೇಷನ್ನಿನಲ್ಲಿ ಅತ್ತಿತೆಂದು ಬೆಂಡು ಬತ್ತಾಸು ಕೊಡಿಸಿದ್ದಳು. ಊರಿಗೆ ಬಂದ ಮೇಲೆ ಭೇದಿ ಹಿಡಿಯಿತು. ಕೂಸು ಆ ಅಮಾವಾಸ್ಯೆ ದಾಟಲಿಲ್ಲ. ಮುದ್ದಪ್ಪ ಯಾರನ್ನೂ ಬೈಯಲಿಲ್ಲ. ಬೈದಿದ್ದರೆ ಅಲ್ಲಿಗೇ ಮುಗಿದುಹೋಗುತ್ತಿತ್ತೇನೋ. ಈಗ ಸೊಸೆಯ ತಮ್ಮನ ಮದುವೆ ಬಂತೆಂದು ಕಳಿಸಲು ಒಪ್ಪಿದ್ದ, ಅದೂ ಶಂಕರಮ್ಮ ತಕ್ಕಡಿಯ ಮಾತು ತೆಗೆದ ಮೇಲೆ. ಮೈ ಇಳೀತೋ ಇಲ್ವೋ ನಾನ್ಯಾಕೆ ನೀನ್ಯಾಕೆ ಹೇಳ್ಬೇಕು, ತಕ್ಕಡಿ ಹೇಳ್ಲಿ ಬಿಡು ಎಂದಿದ್ದಳು.

ಶಂಕರಮ್ಮ ಬಟ್ಟೆಯ ಚೀಲವೊಂದನ್ನು ಸೊಸೆಯ ಮಡಿಲಿಗೆ ಹಾಕಿದಳು. ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಹುರಿದು ಬೀಸಿದ ರಾಗಿಯ ಹುರಿಹಿಟ್ಟು. ಜೊತೆಗೆ ಹುರಿಗಡಲೆ, ಏಲಕ್ಕಿ. ಬೆಲ್ಲ ಬೇರೆ ಗಂಟಿನಲ್ಲಿ.

"ದಾರೀಲಿ ಇದೊಂದೇ. ಕಾಯ್ಸಿದ ನೀರಲ್ಲಿ ಕಲ್ಸು. ಅಳ್ತಾನೆ ಅಂತ ಅದೂ ಇದೂ ಕೊಡ್ಸೀಯ."

"ನಾ ಬೀರೂರಿಂದ ಸೀಮೆ ಬಿಸ್ಕತ್ತಿನ ಡಬ್ಬಿ ತಂದೀನಲ್ಲ, ಅದ್ನೂ ತಗೊಂಡ್ ಹೋಗ್ಲಿ" ಎಂದ ಈರಪ್ಪ. ಕೊಬ್ಬರಿ ಮಾರಲು ಹೋದಾಗ ತಂದದ್ದು. ತಂದ ದಿನದಿಂದ ಅದನ್ನು ಮನೆಗೆ ಬಂದವರಿಗೆಲ್ಲ ತೋರಿಸಿದ್ದ.

"ಅದ್ರಾಗೆ ಮೊಟ್ಟೆ ಹಾಕಿರ್ತಾರಂತೆ. ಲಿಂಗ ಕಟ್ಟಿರೋ ಕೂಸಿಗೆ ಅದ್ನ ತಿನ್ನುಸ್ತೀಯಾ?"

"ಡಬ್ಬಿ ಮ್ಯಾಲೆ ಗೋಧಿ ತೆನೆ ಬರ್ದವ್ರೆ ಕಣವ್ವ. ಮೊಟ್ಟೆ ಇದ್ದಿದ್ರೆ ಕೋಳಿ ಬರೀತಿದ್ರು."

"ಹೂಂ, ಕಳ್ಳ ತನ್ನ ಚಿತ್ರ ತಾನೇ ಬರ್ದು ಬಾಗ್ಲಿಗೆ ಅಂಟಿಸ್ತಾನೆ. ನಡಿ, ಎತ್ತು ನಿಂತವೆ."

ಕಡೂರು ದಾಟಿದ ಮೇಲೆ ಈರಪ್ಪ ಗಾಡಿಯ ಹುಲ್ಲಿನೊಳಕ್ಕೆ ಕೈ ತೂರಿಸಿ ಡಬ್ಬಿ ಹೊರಗೆ ತೆಗೆದ.

"ನಿಮ್ಮವ್ವಂಗೆ ಗೊತ್ತಾದ್ರೆ?" ಎಂದಳು ಮಲ್ಲಿಕಾಂಬ.

"ನಂಗೆ ಬಯ್ತಾಳೆ. ನಂಗೇನು ಹೊಸ್ದಾ?"

ಬೀರೂರಿನ ಪ್ಲಾಟ್‌ಫಾರಂನಲ್ಲಿ ರೈಲಿಗೆ ಇನ್ನೂ ಹೊತ್ತಿತ್ತು. ಮಲ್ಲಿಕಾಂಬ ಗೋಡೆಯ ನೆರಳಲ್ಲಿ ಕೂತು ಹುರಿಹಿಟ್ಟು ಕಲಸಿದಳು. ಮನೆಯಲ್ಲಿ ತಟ್ಟೆ ನೆಕ್ಕುತ್ತಿದ್ದ ಮಗ ಇಲ್ಲಿ ಬಾಯಿಗೆ ಬೀಗ ಹಾಕಿಕೊಂಡ. ಇಂಜಿನ್ನಿನ ಸದ್ದಿಗೆ ಬೆಚ್ಚುತ್ತಾನೆ, ಅಳುತ್ತಾನೆ, ತುಟಿಗೆ ಸವರಿದ್ದನ್ನು ನಾಲಿಗೆಯಿಂದ ಆಚೆ ತಳ್ಳುತ್ತಾನೆ. ಬೆಳಿಗ್ಗೆ ಕುಡಿದ ಹಾಲು ಬಿಟ್ಟರೆ ಹೊಟ್ಟೆಗೆ ಏನೂ ಇಲ್ಲ. ಅಷ್ಟರಲ್ಲಿ ಬೆಂಡು ಬತ್ತಾಸಿನ ಬುಟ್ಟಿ ಹೊತ್ತವಳೊಬ್ಬಳು ಎದುರಿಗೇ ಬಂದು ನಿಂತಳು. ಬುಟ್ಟಿಯ ಮೇಲೆ ನೊಣ. ಬಸವರಾಜ ಅಳು ನಿಲ್ಲಿಸಿ ಕೈ ಚಾಚಿದ.

ಮಲ್ಲಿಕಾಂಬ ಅವನ ಮುಖವನ್ನು ತನ್ನ ಭುಜಕ್ಕೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿದಳು.

"ನೋಡೇ" ಎಂದ ಈರಪ್ಪ ಮೆಲ್ಲಗೆ. "ಇದಕ್ಕೆ ಬೆಸುಗೆ ಹಾಕವ್ರೆ. ಒಂದು ಇರುವೆ ಸೈತ ಒಳಕ್ಕೆ ಹೋಗಿಲ್ಲ."

"ಮೊಟ್ಟೆ?"

"ನಾನು ಇಂಗ್ಲಿಷು ಓದಿದೀನಾ? ಉಪವಾಸ ಬೀಳುಸ್ತೀಯೋ, ಇದ್ನ ಕೊಡ್ತೀಯೋ, ಹೇಳು."

ಅವಳು ಬುಟ್ಟಿಯನ್ನು ನೋಡಿದಳು, ಡಬ್ಬಿಯನ್ನು ನೋಡಿದಳು. "ತೆಗೀರಿ" ಎಂದಳು.

ಈರಪ್ಪ ಚಾಕುವಿನಿಂದ ಬೆಸುಗೆ ಕಿತ್ತು ಮುಚ್ಚಳ ಎಬ್ಬಿಸಿದಾಗ ಟಪ್ ಎಂದಿತು. ಬಸವರಾಜ ತಿರುಗಿ ನೋಡಿದ. ಒಂದು ಬಿಸ್ಕತ್ತು ತಿಂದ. ಇನ್ನೊಂದಕ್ಕೆ ಕೈ ಹಾಕಿದ. ರೈಲು ಬರುವ ಹೊತ್ತಿಗೆ ಅಪ್ಪನ ಮೀಸೆಗೂ ಬಿಸ್ಕತ್ತು ಮೆತ್ತಿದ್ದ.

ತರೀಕೆರೆಯಲ್ಲಿ ಮದುವೆಯ ಮನೆ. ಹೆಂಡತಿ ಮಗನನ್ನು ಬಿಟ್ಟು ಈರಪ್ಪ ಮಾರನೆಯ ದಿನ ಊರಿಗೆ ಹೊರಟ. ಡಬ್ಬಿ ಉಳಿಯಿತು. ನೆಂಟರಿಗೆ ಅದನ್ನು ನೋಡುವುದೇ ಒಂದು ಕೆಲಸ, ನೋಡಿದವರಿಗೆಲ್ಲ ಕೂಸಿಗೆ ಒಂದು ತಿನ್ನಿಸುವ ಆಸೆ. ಬಸವರಾಜ ಅನ್ನ ಮುಟ್ಟಲಿಲ್ಲ, ಹಾಲು ಮುಟ್ಟಲಿಲ್ಲ. ಧಾರೆಯ ಹೊತ್ತಿಗೆ ಹೊಟ್ಟೆ ಕಲ್ಲಾಗಿತ್ತು, ಆಮೇಲೆ ನೀರಾಯಿತು. ಮಲ್ಲಿಕಾಂಬ ಒಗೆದ ಬಟ್ಟೆಗಳನ್ನೇ ಮತ್ತೆ ಮತ್ತೆ ಒಗೆಯುತ್ತ, ಬಾವಿಕಟ್ಟೆಯ ಹತ್ತಿರ ಒಮ್ಮೆ ಸುಮ್ಮನೆ ಕೂತುಬಿಟ್ಟಳು. ಹೆಣ್ಣುಕೂಸಿನ ಬಟ್ಟೆಗಳನ್ನೂ ಹೀಗೇ ಒಗೆದಿದ್ದಳು.

ಗೋಡೆಗೆ ಒರಗಿ ಕೂತಿದ್ದ ದಾಕ್ಷಾಯಣಮ್ಮ ಕರೆದು ಹೇಳಿದಳು. "ಮಜ್ಜಿಗೆ ತಿಳೀನೀರು ಕುಡ್ಸು. ಗಂಜಿ ಕೊಡು. ಆ ಡಬ್ಬೀನ ಎತ್ತಿಡು. ಬರೀ ಮೈದ ಸಕ್ಕರೆ ಅದು, ಹಲ್ಲು ಬರೋ ಕೂಸಿಗೆ ಕರುಳಿಗೆ ಮೆತ್ಕೊಂತದೆ."

ಭೇದಿ ನಿಂತಿತು. ಆದರೆ ಬಸವರಾಜ ಉಣ್ಣಲಿಲ್ಲ. ಉಡಿದಾರ ಸಡಿಲವಾಗಿ ತೊಡೆಗೆ ಜಾರುತ್ತಿತ್ತು. ಮಲ್ಲಿಕಾಂಬ ಅದನ್ನು ಬಿಚ್ಚಿ ಗಂಟನ್ನು ಒಳಗೆ ಸರಿಸಿ ಕಟ್ಟಿದಳು. ಕಟ್ಟುವಾಗ ತಕ್ಕಡಿ ನೆನಪಾಯಿತು.

ಉಳಿದ ಬಿಸ್ಕತ್ತುಗಳನ್ನು ಹಂಚಿ, ಖಾಲಿ ಡಬ್ಬಿಯನ್ನು ಆಡಲು ಕೊಟ್ಟಳು. ಅವನು ದಿನವೆಲ್ಲ ಅದರ ಮುಚ್ಚಳ ಹಾಕುವುದು, ತೆಗೆಯುವುದು. ಒಂದು ಮಧ್ಯಾಹ್ನ ಅಡಿಗೆಮನೆಯ ಹೊಸ್ತಿಲಲ್ಲಿ ಕೂತು ನೆಲದ ಮೇಲೆ ಚೆಲ್ಲಿದ್ದ ಹುರಿಗಡಲೆಯನ್ನು ಹೆಕ್ಕಿ ಡಬ್ಬಿಗೆ ಹಾಕಿದ. ಮುಚ್ಚಿದ. ತೆಗೆದ. ಟಪ್. ಒಂದೊಂದನ್ನೇ ಎತ್ತಿ ಬಾಯಿಗೆ ಹಾಕಿಕೊಂಡ. ಅದೇ ಕಡಲೆಯನ್ನು ಬೆಳಿಗ್ಗೆ ಅವಳು ಕೈಯಲ್ಲಿ ಕೊಟ್ಟಾಗ ಬಿಸಾಡಿದ್ದ.

"ಅವ್ವಾ, ನೋಡಿಲ್ಲಿ" ಎಂದಳು ಮಲ್ಲಿಕಾಂಬ. "ಇವ್ನಿಗೆ ಬಿಸ್ಕತ್ತು ಬ್ಯಾಡ. ಡಬ್ಬಿ ಬೇಕು."

ದಾಕ್ಷಾಯಣಮ್ಮ ನಕ್ಕಳು. "ಅವನಪ್ಪಂಗೂ ಅಷ್ಟೇ ಅಲ್ವೇನೇ ಬೇಕಾಗಿದ್ದಿದ್ದು."

ಅತ್ತೆಯ ಚೀಲ ಬಿಚ್ಚಿದಳು. ಹುರಿಹಿಟ್ಟನ್ನು ಬೆಲ್ಲದ ನೀರು, ತುಪ್ಪ ಹಾಕಿ ಗಟ್ಟಿಯಾಗಿ ಕಲಸಿ, ಬಿಲ್ಲೆ ತಟ್ಟಿ, ಹೆಂಚಿನ ಮೇಲೆ ಸಣ್ಣ ಉರಿಯಲ್ಲಿ ಬೇಯಿಸಿದಳು. ಸುಮ್ಮನೆ ಇರಲಾರದೆ ಕಡ್ಡಿಯಿಂದ ಚುಚ್ಚಿ ಬಿಸ್ಕತ್ತಿನ ಹಾಗೇ ತೂತು ಮಾಡಿದಳು. ಆರಿದ ಮೇಲೆ ಡಬ್ಬಿಯಲ್ಲಿ ಜೋಡಿಸಿ ಮುಚ್ಚಿ ಮಗನ ಮುಂದೆ ಇಟ್ಟಳು. ಬಸವರಾಜ ಮುಚ್ಚಳ ತೆಗೆದ. ಒಂದು ಬಿಲ್ಲೆ ಎತ್ತಿ ಆ ಕಡೆ ಈ ಕಡೆ ತಿರುಗಿಸಿದ. ಕಚ್ಚಿದ. ಮಲ್ಲಿಕಾಂಬ ಒಲೆಯ ಕಡೆ ಮುಖ ಮಾಡಿಕೊಂಡಳು, ನೋಡಿದರೆ ಎಲ್ಲಿ ಬಿಡುತ್ತಾನೋ ಎಂದು. ಬಿಡಲಿಲ್ಲ.

ಹೊರಡುವ ದಿನ ಬಂದಾಗ ಅವನ ಕಣ್ಣಿಗೆ ಕಳೆ ಬಂದಿತ್ತು. ಓಡಾಡುತ್ತಿದ್ದ. ಆದರೆ ಉಡಿದಾರದ ಗಂಟು ಒಳಗೇ ಇತ್ತು.

"ಮತ್ಯಾವಾಗೇ ಬರೋದು?" ಎಂದು ದಾಕ್ಷಾಯಣಮ್ಮ ಮಗಳ ಕೈ ಹಿಡಿದಳು.

"ಬರ್ತೀನಲ್ಲವ್ವ" ಎಂದಳು ಮಲ್ಲಿಕಾಂಬ. ರೈಲಿನಲ್ಲಿ, ಗಾಡಿಯಲ್ಲಿ, ಮಗ ಕೇಳಿದಾಗಲೆಲ್ಲ ಡಬ್ಬಿ ಕೊಟ್ಟಳು. ಕೇಳದಿದ್ದಾಗಲೂ ಕೊಟ್ಟಳು. ಒಂದು ದಿನದಲ್ಲಿ ಎಷ್ಟು ತೂಕ ಏರಲು ಸಾಧ್ಯ?

ಮನೆಯಲ್ಲಿ ತಕ್ಕಡಿ ತೊಲೆಗೆ ನೇತುಬಿದ್ದಿತ್ತು. ಅವಳು ಕಾಲು ತೊಳೆದು ಬರುವಷ್ಟರಲ್ಲಿ ಶಂಕರಮ್ಮ ಈರಪ್ಪನನ್ನು ಹೆಂಚಿನ ಮಾಡು ಹತ್ತಿಸಿದ್ದಳು.

"ಕಾಯಿನ ಮಾಡಿನ ಮ್ಯಾಲೆ ಯಾಕಿಟ್ಟೆ?" ಎಂದ ಮುದ್ದಪ್ಪ ಜಗಲಿಯಿಂದ.

"ಕೆಳಗಿದ್ರೆ ಇಲಿ ಕಡೀತವೆ."

ವೈಶಾಖದ ಬಿಸಿಲಲ್ಲಿ ತಿಂಗಳಿಡೀ ಕಾದ ಕಾಯಿಗಳನ್ನು ಈರಪ್ಪ ಒಂದೊಂದಾಗಿ ಇಳಿಸಿ ತಟ್ಟೆಗೆ ಹಾಕಿದ. ಮಲ್ಲಿಕಾಂಬ ಅವುಗಳನ್ನು ನೋಡಲಿಲ್ಲ. ಅವಳ ಕಣ್ಣು ಮಗನ ಬೆನ್ನಿನ ಮೇಲಿತ್ತು, ಅಲ್ಲಿ ಎಣಿಸುವಂತೆ ಕಾಣುವ ಮೂಳೆಗಳ ಮೇಲೆ. ಅವನನ್ನು ತಟ್ಟೆಯಲ್ಲಿ ಕೂರಿಸಿದಳು. ಈ ಸಲ ಅವನು ಡಬ್ಬಿ ಹಿಡಿದುಕೊಂಡು ಸುಮ್ಮನೆ ಕೂತ.

"ಡಬ್ಬಿ ಕಸ್ಕೊ" ಎಂದಳು ಶಂಕರಮ್ಮ. "ಮೋಸ ಆಗ್ಬಾರ್ದು."

ಮಲ್ಲಿಕಾಂಬ ಡಬ್ಬಿ ತೆಗೆದುಕೊಂಡಳು. ಶಂಕರಮ್ಮ ದಂಡಿಗೆ ಬಿಟ್ಟಳು. ಅದು ಮೇಲೆ ಕೆಳಗೆ ಆಡಿತು, ಮತ್ತೆ ಆಡಿತು, ನಿಂತಿತು.

ಮುದ್ದಪ್ಪ ಬಂದು ಕೂಸಿನ ತಟ್ಟೆಯ ಅಡಿಗೆ ಕೈ ಕೊಡಲು ಹೋದ. ಕೈ ಅವನು ಅಂದುಕೊಂಡದ್ದಕ್ಕಿಂತ ಕೆಳಗೆ ಹೋಗಬೇಕಾಯಿತು. ಬಗ್ಗಿ ಇನ್ನೊಮ್ಮೆ ಮುಟ್ಟಿದ. ಮೊಮ್ಮಗನ ಕಾಲನ್ನು ಹಿಡಿದುಕೊಂಡ, ಸ್ವಲ್ಪ ಹೊತ್ತು ಬಿಡಲಿಲ್ಲ.

"ಕೂಸು ತುಂಬ್ಕೊಂಡದೆ" ಎಂದ. "ಏನವ್ವ ತಿನ್ಸಿದೆ?"

"ಅತ್ತೆ ಕೊಟ್ಟ ಹುರಿಟ್ಟೇ ಮಾವ" ಎಂದಳು ಮಲ್ಲಿಕಾಂಬ. ಅವಳಿಗೆ ತನ್ನ ಕಣ್ಣನ್ನೇ ನಂಬಲಾಗಲಿಲ್ಲ.

"ಹಂಗಾದ್ರೆ ಹೋಗಿ ಬರ್ತಾ ಇರಿ" ಎಂದು ಮುದ್ದಪ್ಪ ಗೋಡೆ ತಡವಿಕೊಂಡು ಜಗಲಿಗೆ ಹೋದ.

ಶಂಕರಮ್ಮ ಡಬ್ಬಿ ತೆಗೆದು ಒಂದು ಬಿಲ್ಲೆ ಮೂಸಿದಳು, ಮುರಿದು ಬಾಯಿಗೆ ಹಾಕಿಕೊಂಡಳು. ಗೋಧಿ ತೆನೆಯ ಚಿತ್ರವನ್ನು ನೋಡಿದಳು, ಮಗನನ್ನು ನೋಡಿದಳು. ಈರಪ್ಪ ಎತ್ತುಗಳಿಗೆ ನೀರು ತೋರಿಸಬೇಕೆಂದು ಹೊರಗೆ ಹೋದ.

"ಎಳ್ಳು ಹಾಕ್ಬೇಕಿತ್ತು ಕಣೇ. ಮುಂದಿನ ಸಲ ಹಾಕು. ಆ ಕಾಯಿನ ತಾ ಇತ್ಲಾಗೆ."

ಮಲ್ಲಿಕಾಂಬ ತಟ್ಟೆಯಿಂದ ಒಂದು ಕಾಯಿ ಎತ್ತಿದಳು. ಭಾರಕ್ಕೆಂದು ಸಜ್ಜಾಗಿದ್ದ ಕೈ ಸುಮ್ಮನೆ ಮೇಲಕ್ಕೆ ಹೋಯಿತು. ಸುಣ್ಣದ ಬೊಟ್ಟು ಹಾಗೇ ಇತ್ತು. ಅದರ ಸುತ್ತ ಇದ್ದ ಹಸಿರು ಪೂರಾ ಹೋಗಿ, ಸಿಪ್ಪೆ ಕಂದಾಗಿ ಸುಕ್ಕುಗಟ್ಟಿತ್ತು. ಅವಳು ಅತ್ತೆಯ ಕಡೆ ನೋಡಿದಳು.

"ಏನ್ ನೋಡ್ತಾ ನಿಂತೆ? ಕೊಡು. ಸಾರಿಗೆ ಕಾಯಿ ಇಲ್ಲ."

ಶಂಕರಮ್ಮ ಹಿತ್ತಿಲ ಬಾಗಿಲಲ್ಲಿ ಕೂತು ಕಾಯಿಗಳನ್ನೆಲ್ಲ ಸುಲಿದಳು. ಬಸವರಾಜ ಪಕ್ಕದಲ್ಲಿ ಕೂತು ಮುಚ್ಚಳ ಟಪ್ ಎನ್ನಿಸುತ್ತಿದ್ದ. ಮಲ್ಲಿಕಾಂಬ ಸುಣ್ಣದ ಬೊಟ್ಟಿದ್ದ ಸಿಪ್ಪೆಗಳನ್ನು ಬಾಚಿಕೊಂಡು ಬಂದು ಒಲೆಗೆ ಹಾಕಿದಳು. ಊದಬೇಕಾಗಲಿಲ್ಲ. ಒಂದಿಷ್ಟೂ ಹೊಗೆಯಾಡದೆ ತಟ್ಟನೆ ಹೊತ್ತಿಕೊಂಡವು.