ಹದಿನೇಳು ಅಂಕ ಯಾರದು

ಮಾತಾಡಿದರೆ ಎಲ್ಲಿ ಮುತ್ತು ಉದುರೀತೋ ಎಂದು ಬಾಯಿ ಮುಚ್ಚಿಕೊಂಡೇ ಬೆಳೆದ ಹುಡುಗಿ ಮಾತಿನ ಚಿಕಿತ್ಸೆಯಲ್ಲೇ ಎಂ.ಎಸ್ಸಿ. ಮುಗಿಸಿ ಆಸ್ಪತ್ರೆಗೆ ಸೇರಿದಾಗ ಮನೆಯವರಿಗೆ ನಗು ತಡೆಯಲಾಗಲಿಲ್ಲ. "ನಮ್ಮ ಮೌನಗೌರಿ ಇನ್ನು ಎಲ್ಲರಿಗೂ ಮಾತು ಕಲಿಸ್ತಾಳಂತೆ," ಎಂದು ಅಣ್ಣ ಬಂದವರ ಮುಂದೆಲ್ಲ ಡಂಗುರ ಸಾರಿದ. ಅವಳು ಉತ್ತರವನ್ನು ಡೈರಿಯಲ್ಲಿ ಬರೆದಿಟ್ಟಳು.

ನೇಮಕ ಒಂದು ವರ್ಷಕ್ಕೆ ಮಾತ್ರ. ವರ್ಷದ ಕೊನೆಗೆ ಹಿರಿಯ ಚಿಕಿತ್ಸಕಿ ಒಬ್ಬ ರೋಗಿಯ ಪ್ರಗತಿಯನ್ನು ಕಣ್ಣಾರೆ ಕಂಡು ಸಹಿ ಹಾಕಿದರೆ ಕೆಲಸ ಕಾಯಂ, ಇಲ್ಲದಿದ್ದರೆ ಗಂಟುಮೂಟೆ ಕಟ್ಟಬೇಕು. ಅವಳು ನೆಚ್ಚಿಕೊಂಡದ್ದು ಪಾರ್ಶ್ವವಾಯುವಿನಿಂದ ಮಾತು ಕಳೆದುಕೊಂಡಿದ್ದ ದರ್ಜಿ ತಾತನನ್ನು. ಮೊದಲ ದಿನ ಇಪ್ಪತ್ತು ಚಿತ್ರ ತೋರಿಸಿದರೆ ಒಂದರ ಹೆಸರೂ ಅವರ ಬಾಯಿಂದ ಹೊರಟಿರಲಿಲ್ಲ. ಮೂರು ತಿಂಗಳಲ್ಲಿ ಹದಿನೇಳಕ್ಕೆ ಬಂದಿದ್ದರು.

ಪರೀಕ್ಷೆಯ ದಿನ ಹಿರಿಯ ಮೇಡಂ ಮೂಲೆಯ ಸ್ಟೂಲಿನಲ್ಲಿ ಕುಳಿತರು. ತಾತ ಕತ್ತರಿ ಎಂದರು, ಬೀಗ ಎಂದರು, ಮಂಚ ಎಂದರು. ಅವಳ ಎದೆ ಹಗುರಾಗುತ್ತಿದ್ದಾಗ ಮೇಡಂ ಎದ್ದು ಬಂದು, ಅಂಕದ ಹಾಳೆಯನ್ನು ಅವಳ ಮೂಗಿನಿಂದ ಗಲ್ಲದವರೆಗೆ ಮರೆಯಾಗಿ ಹಿಡಿದು, ಮುಂದಿನ ಚಿತ್ರ ತೋರಿಸಲು ಹೇಳಿದರು.

ಕೊಡೆಯ ಚಿತ್ರ. ತಾತ ಚಿತ್ರವನ್ನು ಬಿಟ್ಟು ಹಾಳೆಯ ಅಂಚಿನಲ್ಲಿ ಏನನ್ನೋ ತಡಕಾಡಿದರು. ಮಾತಿಲ್ಲ. ಆಮೇಲೆ ಬಾಗಿಲು, ಹಸು, ಕುರ್ಚಿ, ಕಡೆಗೆ ಈಗಷ್ಟೇ ಹೇಳಿದ್ದ ಬೀಗ. ಯಾವುದಕ್ಕೂ ಇಲ್ಲ.

"ಚಿತ್ರ ತೋರಿಸುವಾಗ ಅದರ ಹೆಸರಿನ ಮೊದಲಕ್ಷರಕ್ಕೆ ನಿಮ್ಮ ಬಾಯಿ ತಾನಾಗೇ ಆಡ್ತಿತ್ತು," ಮೇಡಂ ಸಿಟ್ಟಿಲ್ಲದೆ ಹೇಳಿದರು. "ಅವರು ಓದ್ತಿದ್ದದ್ದು ಅದನ್ನ."

ಅವಳು ಬೆರಳಿಂದ ತುಟಿ ಮುಟ್ಟಿ ನೋಡಿಕೊಂಡಳು. ಮನೆಯಲ್ಲಿ ನಾಲ್ಕು ಮಾತಿಗೂ ತಡವರಿಸುವ ತನ್ನ ಬಾಯಿ ಇಲ್ಲಿ ಅಪ್ಪಣೆಯಿಲ್ಲದೆ ಆಡಿತ್ತೆಂದರೆ ನಂಬುವುದು ಹೇಗೆ?

ಚೀಲ ಮಡಿಲಲ್ಲಿಟ್ಟುಕೊಂಡು ಕುಳಿತಿದ್ದ ತಾತನ ಹೆಂಡತಿಗೆ ಮಾತ್ರ ಇದರಲ್ಲಿ ತಪ್ಪೇನೆಂದು ಅರ್ಥವಾಗಲಿಲ್ಲ. "ಮನೇಲೂ ನನ್ನ ಮುಖ ನೋಡ್ಕೊಂಡೇ ನೀರು ಕೇಳ್ತಾರಮ್ಮ. ಕೇಳ್ತಾರಲ್ಲ? ಮುಂಚೆ ಸುಮ್ನೆ ಗೋಡೆ ನೋಡ್ತಿದ್ರು."

ಐದು ಗಂಟೆಯೊಳಗೆ ವರದಿ ಕೊಡಬೇಕಿತ್ತು. ನಮೂನೆಯಲ್ಲಿ ಅಂಕ ಬರೆಯಲು ಇದ್ದದ್ದು ಒಂದೇ ಚೌಕ. ಹದಿನೇಳು ಎಂದರೆ ಸುಳ್ಳು. ಸೊನ್ನೆ ಎಂದರೆ, ನೀರು ಕೇಳಿದ ಮನುಷ್ಯನಿಗೆ ಬಾಯಿಯೇ ಇಲ್ಲ ಎಂದಂತೆ. ಬರೆದಳು, ಹೊಡೆದುಹಾಕಿದಳು, ಮತ್ತೆ ಬರೆದಳು. ಕಡೆಗೆ ಚೌಕದಾಚೆ ಅಂಚಿನಲ್ಲಿ, "ಮುಖ ಕಂಡಾಗ ಹದಿನೇಳು, ಕಾಣದಾಗ ಸೊನ್ನೆ. ಸುಳಿವು ಕೊಟ್ಟದ್ದು ನಾನು, ತಿಳಿಯದೆ" ಎಂದು ಬರೆದು ಕೊಟ್ಟಳು.

ಮೇಡಂ ಎರಡು ಸಲ ಓದಿದರು. ಕಾಯಂ ಮಾಡಲಿಲ್ಲ, ಮನೆಗೂ ಕಳಿಸಲಿಲ್ಲ. ಇನ್ನಾರು ತಿಂಗಳು ತಾತ್ಕಾಲಿಕ ಎಂದು ಬರೆದರು.

"ಇನ್ಮೇಲೆ ತಾತನ ಎದುರಿಗೆ ಕೂರ್ಲಾ ಮೇಡಂ, ಪಕ್ಕದಲ್ಲಾ?"

"ನನ್ನನ್ನ ಯಾಕೆ ಕೇಳ್ತೀರಿ? ಮೂರು ತಿಂಗಳು ಅವರ ಜೊತೆ ಇದ್ದೋರು ನೀವು."

ಸೋಮವಾರ ಅವಳು ತನ್ನ ಕುರ್ಚಿಯನ್ನು ತಾತನ ಪಕ್ಕಕ್ಕೆ, ಮುಖ ಕಾಣದಂತೆ ಹಾಕಿಕೊಂಡಳು. ಕೂರುವಷ್ಟರಲ್ಲಿ ತಾತ ಸ್ವಾಧೀನವಿದ್ದ ಕೈಯಿಂದ ಅದರ ಕಾಲು ಹಿಡಿದು, ಏದುಸಿರು ಬಿಡುತ್ತ ಎದುರಿಗೆ ಎಳೆದರು. ಅವಳು ಚಿತ್ರಗಳ ಕಟ್ಟು ಹಿಡಿದು, ಕೂರಲೋ ಬೇಡವೋ ಎಂದು ಯೋಚಿಸುತ್ತಾ ಅವರ ಮುಂದೆ ನಿಂತಳು.